ಒಂದೇ ಕೈಗೆ ಸಾಕಾಗುವ ಫೋನ್

ಪ್ರಯಾಣದಲ್ಲಿ ಒಂದು ಕೈ ಬ್ಯಾಗಿಗೋ ಬಸ್ಸಿನ ಕಂಬಿಗೋ ಮೀಸಲು. ಮ್ಯಾಪ್ ನೋಡುವುದು, ಟಿಕೆಟ್ ತೋರಿಸುವುದು, ಟೀ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡುವುದು ಎಲ್ಲವೂ ಇನ್ನೊಂದು ಕೈಯ ಪಾಲು. ಈ ಕೆಲಸಕ್ಕೆ 2021ರಲ್ಲಿ ಬಂದ ಐಫೋನ್ 13 ಮಿನಿಯಷ್ಟು ಒಗ್ಗುವ ಫೋನನ್ನು ನಾನಂತೂ ಕಂಡಿಲ್ಲ.

ಪರದೆ 5.4 ಇಂಚು, ಅಗಲ ಆರೂವರೆ ಸೆಂಟಿಮೀಟರಿಗೂ ಕಡಿಮೆ, ತೂಕ ಸುಮಾರು 140 ಗ್ರಾಂ. ಹಿಡಿತ ಬದಲಿಸದೆಯೇ ಹೆಬ್ಬೆರಳು ಪರದೆಯ ಬಹುಪಾಲು ಸುತ್ತಿ ಬರುತ್ತದೆ. ಅಂಗಿಯ ಜೇಬಿಗೆ ಹಾಕಿದರೆ ತಲೆ ಹೊರಗೆ ಚಾಚದೆ ಪೂರ್ತಿ ಒಳಗಿಳಿಯುತ್ತದೆ. ಗಾತ್ರ ಕಿರಿದೆಂದು ಶಕ್ತಿಯಲ್ಲಿ ಚೌಕಾಸಿ ಮಾಡಿಲ್ಲ: ಒಳಗಿರುವುದು ಐಫೋನ್ 13ರ ಎ15 ಬಯೋನಿಕ್ ಚಿಪ್ಪೇ. ಪರದೇಶಕ್ಕೆ ಹೋದಾಗ ಊರಿನ ಸಿಮ್ ತೆಗೆಯದೆ ಅಲ್ಲಿನ ಡೇಟಾವನ್ನು ಇ-ಸಿಮ್‌ನಲ್ಲಿ ಹಾಕಿಕೊಳ್ಳಬಹುದು. ರೋಮಿಂಗ್ ಚಾಲೂ ಇದ್ದರೆ ಬ್ಯಾಂಕಿನ ಒಟಿಪಿಗೂ ತೊಂದರೆಯಿಲ್ಲ.

ಬ್ಯಾಟರಿ ಮಾತ್ರ ಚಿಕ್ಕದು. ದಿನವಿಡೀ ಮ್ಯಾಪು, ಹಾಟ್‌ಸ್ಪಾಟು ಎಂದರೆ ಸಂಜೆಗೆ ಪವರ್‌ಬ್ಯಾಂಕ್ ಬೇಕೇ ಬೇಕು. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ಘಟ್ಟದಲ್ಲಿ ಸಿಗ್ನಲ್ ಹೋದರೂ ದಾರಿ ತಪ್ಪದು. 2023ರಲ್ಲಿ ಆಪಲ್ ಈ ಫೋನನ್ನು ಮಾರಾಟದಿಂದ ತೆಗೆಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿಯೇ ದುಡ್ಡು ಎಣಿಸಿ.