ಸಮಾನಾರ್ಥಕವೆಂಬ ಹಸಿ ಸುಳ್ಳು

ಎರಡು ವರ್ಷದ ಹಿಂದೆ ನನ್ನ ಸಂಶೋಧನಾ ಪ್ರಬಂಧದ ಮೊದಲ ಅಧ್ಯಾಯದ ಕರಡನ್ನು ಮಾರ್ಗದರ್ಶಕರ ಕೈಗೆ ಕೊಟ್ಟೆ. ಕನ್ನಡದ ಕವಿಯೊಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದು. ಅವರ ಭಾಷೆ ಸರಳ, ಆ ಸರಳತೆಯೇ ಅವರ ಶಕ್ತಿ ಎನ್ನುವುದು ಅಧ್ಯಾಯದ ವಾದ. 'ಸಿಂಪಲ್' ಎಂದು ಬರೆದರೆ ಪಿಯುಸಿ ಹುಡುಗನ ಇಂಗ್ಲಿಷಿನಂತೆ ಕಾಣುತ್ತದೆ ಎಂದು ಹೆದರಿ ಎಲ್ಲ ಕಡೆ 'ಸಿಂಪ್ಲಿಸ್ಟಿಕ್' ಎಂದು ಹಾಕಿದ್ದೆ. ಹಾಳೆಗಳು ವಾಪಸ್ ಬಂದಾಗ ಹನ್ನೊಂದು ಕಡೆ ಆ ಪದದ ಕೆಳಗೆ ಗೆರೆ. ಅಂಚಿನಲ್ಲಿ ಒಂದೇ ಪ್ರಶ್ನೆ: "ಈ ಕವಿ ನಿನಗೆ ಇಷ್ಟವೋ, ಇಲ್ಲವೋ?"

'ಸಿಂಪ್ಲಿಸ್ಟಿಕ್' ಎಂದರೆ ಸರಳ ಅಲ್ಲ. ಜಟಿಲವಾದದ್ದನ್ನು ತಿಳಿಗೇಡಿಯಾಗಿ ಸರಳ ಮಾಡಿಬಿಟ್ಟದ್ದು ಎಂದರ್ಥ. ಅಂದರೆ ನಾನು ತುಂಬ ಪ್ರೀತಿಸುವ ಕವಿಯನ್ನು ಹನ್ನೊಂದು ಸಲ ಮೇಲುಮೇಲಿನವನು ಎಂದು ಕರೆದಿದ್ದೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ಕಾಗುಣಿತವೂ ಸರಿ ಇತ್ತು. ತಪ್ಪಿದ್ದು ತೀರ್ಪು ಮಾತ್ರ. ವಿಮರ್ಶೆ ಬರೆಯುವವನಿಗೆ ಅದಕ್ಕಿಂತ ದೊಡ್ಡ ತಪ್ಪು ಯಾವುದಿದೆ?

ಆ ಪದ ನನಗೆ ಸಿಕ್ಕಿದ್ದು ನನ್ನದೇ ನೋಟ್‌ಬುಕ್ಕಿನಲ್ಲಿ. ಪದವಿಯ ದಿನಗಳಿಂದ ತುಂಬಿಸುತ್ತ ಬಂದ ದಪ್ಪ ಪುಸ್ತಕ ಅದು. ನಾಲ್ಕು ಕಾಲಂ: ಪದ, ಅರ್ಥ, ಸಮಾನಾರ್ಥಕ, ವಿರುದ್ಧಾರ್ಥಕ. ಕನ್ನಡ ಮಾಧ್ಯಮದಿಂದ ಬಂದ ನನ್ನಂಥವರ ಬಳಿ ಇಂಥದೊಂದು ನೋಟ್‌ಬುಕ್ ಇದ್ದೇ ಇರುತ್ತದೆ. ಕೆಲವರು ಅದನ್ನು ತೋರಿಸುತ್ತಾರೆ, ಕೆಲವರು ಬಚ್ಚಿಡುತ್ತಾರೆ.

ಈ ನೋಟ್‌ಬುಕ್ಕುಗಳ ಮೂಲಪುರುಷನೆಂದು ನಾವೆಲ್ಲ ನಂಬಿರುವುದು ನಾರ್ಮನ್ ಲೂಯಿಸ್‌ನನ್ನು. ಅವನ 'ವರ್ಡ್ ಪವರ್ ಮೇಡ್ ಈಸಿ' 1949ರಲ್ಲಿ ಅಮೆರಿಕದಲ್ಲಿ ಬಂತು. ಬೆಂಗಳೂರಿನ ಅವೆನ್ಯೂ ರೋಡಿನ ಹಳೆ ಪುಸ್ತಕದ ರಾಶಿಗಳಲ್ಲಿ ಇವತ್ತಿಗೂ ಅದು ಸಿಗುತ್ತದೆ. ಈ ಲೇಖನಕ್ಕಾಗಿ ಅದನ್ನು ಮತ್ತೆ ಓದಿದಾಗ ಗೊತ್ತಾಯಿತು, ಲೂಯಿಸ್ ನನ್ನ ನೋಟ್‌ಬುಕ್ಕಿಗಿಂತ ಬಹಳ ಜಾಣ. ಅವನು ಪದಗಳನ್ನು ಅಕಾರಾದಿಯಾಗಿ ಜೋಡಿಸುವುದಿಲ್ಲ. ಮನುಷ್ಯರ ಸ್ವಭಾವದಿಂದ ಶುರುಮಾಡುತ್ತಾನೆ. ತನ್ನ ಬಗ್ಗೆಯೇ ಕೊಚ್ಚಿಕೊಳ್ಳುವವನು, ಇನ್ನೊಬ್ಬರಿಗಾಗಿ ಬದುಕುವವನು, ಒಳಮುಖಿ, ಹೊರಮುಖಿ, ಮನುಷ್ಯರನ್ನೇ ದ್ವೇಷಿಸುವವನು, ಮದುವೆಯನ್ನು ದ್ವೇಷಿಸುವವನು, ಹೀಗೆ. ಒಬ್ಬೊಬ್ಬರನ್ನೂ ಕಣ್ಣೆದುರು ನಿಲ್ಲಿಸಿ ಆಮೇಲೆ ಹೆಸರು ಹೇಳುತ್ತಾನೆ. 'ಇಗೋಯಿಸ್ಟ್' ಮತ್ತು 'ಇಗೋಟಿಸ್ಟ್' ನಡುವಿನ ಒಂದಕ್ಷರದ ವ್ಯತ್ಯಾಸಕ್ಕೆ ಜಾಗ ಕೊಡುವಷ್ಟು ತಾಳ್ಮೆ ಅವನಿಗಿದೆ. ಅವನ ನಂತರದ ಕೋಚಿಂಗ್ ಪಟ್ಟಿಗಳು ಅಸ್ಥಿಪಂಜರವನ್ನು ಉಳಿಸಿಕೊಂಡು ಮಾಂಸವನ್ನು ಬಿಟ್ಟವು. ನಾನು ಬರೆದುಕೊಂಡದ್ದು ಆ ಎಲುಬುಗಳನ್ನು.

ಆದರೆ ಲೂಯಿಸ್‌ನಲ್ಲೂ ಒಂದು ಅತಿನಂಬಿಕೆ ಇದೆ. ಗ್ರೀಕ್, ಲ್ಯಾಟಿನ್ ಬೇರು ಗೊತ್ತಿದ್ದರೆ ಪದಗಳ ಬಾಗಿಲು ತಾವಾಗಿ ತೆರೆಯುತ್ತವೆ ಎಂಬುದು. ಅರ್ಧ ನಿಜ. ಸಂಸ್ಕೃತ ವ್ಯಾಕರಣ ಓದಿದವರಿಗೆ ಉಳಿದರ್ಧವೂ ಗೊತ್ತು: 'ಹೃ' ಎಂಬ ಒಂದೇ ಧಾತುವಿಗೆ ಉಪಸರ್ಗ ಬದಲಾದಂತೆ ಆಹಾರ, ವಿಹಾರ, ಪರಿಹಾರ, ಪ್ರಹಾರ, ಸಂಹಾರ ಎಲ್ಲವೂ ಆಗುತ್ತವೆ. ಧಾತು ಗೊತ್ತಿದೆಯೆಂದು ಊಟಕ್ಕೂ ಕೊಲೆಗೂ ಇರುವ ದೂರವನ್ನು ಊಹಿಸಲಾದೀತೇ? ಇಂಗ್ಲಿಷಿನ 'ಎಗ್ರೀಜಿಯಸ್' ಇನ್ನೂ ತಮಾಷೆ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಹಿಂಡಿನಿಂದ ಬೇರೆಯಾಗಿ ಎದ್ದು ಕಾಣುವುದು. ಒಂದು ಕಾಲಕ್ಕೆ ಇಂಗ್ಲಿಷಿನಲ್ಲೂ ಹೊಗಳಿಕೆಯಾಗಿತ್ತು. ಇವತ್ತು ಕಣ್ಣಿಗೆ ರಾಚುವಂಥ ತಪ್ಪು, ಅನ್ಯಾಯಗಳಿಗಷ್ಟೇ ಅದನ್ನು ಬಳಸುತ್ತಾರೆ. ಬೇರನ್ನು ನಂಬಿ ನಿಮ್ಮ ಮೇಷ್ಟ್ರ ವಿದ್ವತ್ತನ್ನು 'ಎಗ್ರೀಜಿಯಸ್' ಎಂದರೆ ಮುಗಿಯಿತು.

ಸಮಾನಾರ್ಥಕದ ಕಾಲಂ ಇನ್ನೂ ಅಪಾಯದ್ದು. ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದ ನಮ್ಮ ಪರಂಪರೆಗೆ ಒಂದು ವಸ್ತುವಿಗೆ ಹತ್ತಾರು ಹೆಸರು ಹೊಸದಲ್ಲ. ಆದರೆ ಅದನ್ನು ಕಂಠಸ್ಥ ಮಾಡಿದವನ ಮುಂದೆ ಕಾವ್ಯವಿತ್ತು. ಪದ್ಯ ಕಟ್ಟುವವನಿಗೆ ಛಂದಸ್ಸಿಗೆ ಒಗ್ಗುವ ಹೆಸರು ಬೇಕಾಗಿತ್ತು. ಇಂಗ್ಲಿಷಿನ ಪ್ರಸಿದ್ಧ ಥೆಸಾರಸ್ ಕೂಡ ಕಲಿಯುವವರಿಗೆಂದು ಹುಟ್ಟಿದ್ದಲ್ಲ. ಪೀಟರ್ ಮಾರ್ಕ್ ರೋಜೆ ವೃತ್ತಿಯಿಂದ ವೈದ್ಯ. 1852ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಪದಗಳನ್ನು ಭಾವದ ಪ್ರಕಾರ ವಿಂಗಡಿಸಿ ಪುಸ್ತಕ ಮಾಡಿದ. ಹೇಳಬೇಕಾದದ್ದು ಮನಸ್ಸಿನಲ್ಲಿದೆ, ಪದ ಮಾತ್ರ ನಾಲಿಗೆಯ ತುದಿಗೆ ಬಂದು ನಿಂತಿದೆ ಎನ್ನುವವರಿಗಾಗಿ ಅದು. ಗೊತ್ತಿದ್ದವನಿಗೆ ನೆನಪಿಸುವ ಪುಸ್ತಕ. ಅದನ್ನು ಗೊತ್ತಿಲ್ಲದವನ ಕೈಗೆ ಕೊಟ್ಟು, ಇದರಲ್ಲಿ ಯಾವುದನ್ನಾದರೂ ಬಳಸು ಎಂದದ್ದು ನಾವು.

ಕನ್ನಡದಲ್ಲೇ ಒಂದು ಸಾಲು ಬರೆದು ನೋಡಿ. ನೆಂಟರು ಬಂದರು. ನೆಂಟರು ಆಗಮಿಸಿದರು. ನೆಂಟರು ದಯಮಾಡಿಸಿದರು. ನೆಂಟರು ವಕ್ಕರಿಸಿದರು. ನಾಲ್ಕರಲ್ಲೂ ಅದೇ ಜನ ಅದೇ ಬಸ್ಸಿನಿಂದ ಇಳಿದಿದ್ದಾರೆ. ಬದಲಾದದ್ದು ಬಾಗಿಲಲ್ಲಿ ನಿಂತವರ ಮುಖ. 'ವಕ್ಕರಿಸು' ಎಂದರೆ 'ಬರು' ಎಂದಷ್ಟೇ ಬರೆದುಕೊಂಡ ಪರಭಾಷಿಕ ಹುಡುಗಿಯೊಬ್ಬಳು ಮದುವೆಯ ಮನೆಯಲ್ಲಿ ಗಂಡಿನ ಕಡೆಯವರ ಎದುರೇ ಅದನ್ನು ಬಳಸಿದರೆ ಏನಾಗಬಹುದೋ, ನನ್ನ ಅಧ್ಯಾಯದಲ್ಲಿ ಅದೇ ಆಯಿತು. ನಮಗೆ 'ವಕ್ಕರಿಸು' ಪದವನ್ನು ಯಾರೂ ಕಲಿಸಲಿಲ್ಲ. ಅಡುಗೆಮನೆಯಿಂದ ಅಮ್ಮ ಗೊಣಗಿದ್ದನ್ನು ಕೇಳಿಸಿಕೊಂಡೆವು, ಅಷ್ಟೆ.

ವಿರುದ್ಧಾರ್ಥಕದ ಕಥೆಯಂತೂ ಇನ್ನೂ ಗೋಜಲು. 'ಹಸಿ'ಯ ವಿರುದ್ಧ ಪದ ಯಾವುದು? ಕಟ್ಟಿಗೆಯಾದರೆ ಒಣ. ತರಕಾರಿಯಾದರೆ ಬೆಂದದ್ದು. ಗಾಯವಾದರೆ ಮಾಯ್ದದ್ದು. ಹಸಿ ಸುಳ್ಳಿಗೆ? ಒಣ ಸುಳ್ಳೆಂದು ಯಾರೂ ಅನ್ನುವುದಿಲ್ಲ, ಬೆಂದ ನಿಜ ಎಂದೂ ಅನ್ನುವುದಿಲ್ಲ. ಇಂಗ್ಲಿಷಿನ 'ಡ್ರೈ' ಕೂಡ ಹೀಗೇ: ಟವೆಲ್ಲಿಗೆ ಅದರ ಎದುರು ಒದ್ದೆ, ವೈನಿಗೆ ಎದುರು ಸಿಹಿ, ಹಸುವಿಗೆ ಎದುರು ಹಾಲು ಕೊಡುವುದು, ಹಾಸ್ಯಕ್ಕೆ ಎದುರಾಗಿ ನಿಲ್ಲುವ ಪದವೇ ಕಾಣದು. ವಿರೋಧ ಇರುವುದು ಎರಡು ಪದಗಳ ನಡುವೆ ಅಲ್ಲ, ಎರಡು ಬಳಕೆಗಳ ನಡುವೆ.

ಇದನ್ನು ನಿಘಂಟಿನ ಒಳಗೇ ತರಲು ಹೊರಟವರಿದ್ದಾರೆ. ಕಿಟೆಲ್ 1894ರ ತನ್ನ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಅರ್ಥದ ಜೊತೆಗೆ ಗಾದೆಗಳನ್ನೂ ಪ್ರಯೋಗಗಳನ್ನೂ ಪೋಣಿಸಿದ. ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಸಿಂಕ್ಲೇರ್ ಮತ್ತು ಅವರ ತಂಡ ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷನ್ನು ರಾಶಿ ಹಾಕಿ ಕಂಪ್ಯೂಟರಿನಲ್ಲಿ ಜಾಲಾಡಿ, 1987ರಲ್ಲಿ 'ಕೋಬಿಲ್ಡ್' ನಿಘಂಟನ್ನು ತಂದಿತು. ಅಲ್ಲಿ ಅರ್ಥವನ್ನು ತುಂಡುಪದಗಳಲ್ಲಿ ಕೊಡದೆ ಪೂರ್ತಿ ವಾಕ್ಯದಲ್ಲಿ ಕೊಡುತ್ತಾರೆ. 'ಸೆಟ್ ಇನ್' ಎಂಬ ಕ್ರಿಯಾಪದದ ಜೊತೆ ಬರುವುದೆಲ್ಲ ಹೆಚ್ಚಾಗಿ ಕೊಳೆತ, ಕ್ಷಯ, ನಿರಾಶೆಯಂಥವೇ ಎಂಬುದನ್ನು ಸಿಂಕ್ಲೇರ್ ತೋರಿಸಿದರು. ಅದು ಇಂಗ್ಲಿಷಿನವರಿಗೂ ಕಣ್ಣಿಗೆ ಬಿದ್ದಿರದ ಸಂಗತಿ, ಬಳಸುತ್ತಿದ್ದರು, ಗಮನಿಸಿರಲಿಲ್ಲ. ನನ್ನ ಮಟ್ಟಿಗೆ ಪದಸಂಪತ್ತಿನ ಬಗ್ಗೆ ಇದಕ್ಕಿಂತ ಮುಖ್ಯವಾದ ಶೋಧ ಇನ್ನೊಂದಿಲ್ಲ. ನಮ್ಮ ಯಾವ ಪದಪಟ್ಟಿಗೂ ಅದು ಇನ್ನೂ ಇಳಿದಿಲ್ಲ.

ಪರೀಕ್ಷೆಗಳೂ ಇದಕ್ಕೆ ಕಾರಣ. ಅಮೆರಿಕದ ಜಿಆರ್‌ಇ ಪರೀಕ್ಷೆ 2011ರ ಆಗಸ್ಟಿನಲ್ಲಿ ವಿರುದ್ಧಾರ್ಥಕದ ಬಿಡಿ ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯದೊಳಗೆ ಪದ ಕೂರಿಸುವ ಪ್ರಶ್ನೆಗಳನ್ನು ಇಟ್ಟುಕೊಂಡಿತು. ನಮ್ಮ ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಬಿಡಿ ಪದ, ನಾಲ್ಕು ಆಯ್ಕೆ, ಒಂದು ಟಿಕ್ ಇನ್ನೂ ನಡೆದಿದೆ.

ಇಷ್ಟೆಲ್ಲ ಹೇಳಿದ ಮೇಲೂ ಪದಪಟ್ಟಿಯನ್ನು ಕಂಡು ನಗುವವರ ಜೊತೆ ನಾನಿಲ್ಲ. 'ಪಟ್ಟಿ ಯಾಕೆ, ಸುಮ್ಮನೆ ಓದುತ್ತಾ ಹೋಗಿ, ಪದಗಳು ತಾವಾಗಿ ಬರುತ್ತವೆ' ಎಂಬ ಉಪದೇಶವನ್ನು ನಾನು ಸೆಮಿನಾರುಗಳ ಚಹಾ ವಿರಾಮದಲ್ಲಿ ಬೇಕಾದಷ್ಟು ಕೇಳಿದ್ದೇನೆ. ಹೇಳುವವರ ಮನೆಯಲ್ಲಿ ಅವರು ಹುಟ್ಟುವ ಮೊದಲೇ ಇಂಗ್ಲಿಷ್ ಪುಸ್ತಕಗಳ ಕಪಾಟಿತ್ತು. ಪುಟಕ್ಕೆ ಇಪ್ಪತ್ತು ಗೊತ್ತಿಲ್ಲದ ಪದ ಇದ್ದಾಗ ಸಂದರ್ಭದಿಂದ ಅರ್ಥ ಊಹಿಸುವುದು ಸಾಧ್ಯವಿಲ್ಲ. ಸಂದರ್ಭವೂ ಗೊತ್ತಿಲ್ಲದ ಪದಗಳಿಂದಲೇ ಕಟ್ಟಿರುತ್ತದಲ್ಲ! ಆ ಇಪ್ಪತ್ತನ್ನು ಐದಕ್ಕಿಳಿಸಿದ್ದು ನನ್ನ ನೋಟ್‌ಬುಕ್ಕೇ. ಅದಿಲ್ಲದಿದ್ದರೆ ನಾನು ಈ ಸಂಶೋಧನೆಗೆ ಬರುತ್ತಲೇ ಇರಲಿಲ್ಲ. ಪಟ್ಟಿ ಮುಖಪರಿಚಯ ಮಾಡಿಸುತ್ತದೆ. ಮುಖಪರಿಚಯವಿದೆ ಎಂದು ಒಬ್ಬರಿಂದ ಸಾಲ ಕೇಳಲು ಹೋದದ್ದು ನನ್ನ ತಪ್ಪು.

ಈಗ ಕಾಲಂಗಳನ್ನು ಬದಲಾಯಿಸಿದ್ದೇನೆ. ಸಮಾನಾರ್ಥಕದ ಜಾಗದಲ್ಲಿ 'ಯಾರು, ಯಾರ ಬಗ್ಗೆ ಹೇಳಿದ್ದು' ಎಂದು ಬರೆಯುತ್ತೇನೆ. ವಿರುದ್ಧಾರ್ಥಕದ ಜಾಗದಲ್ಲಿ 'ಹೊಗಳಿಕೆಯೋ ಬೈಗುಳವೋ'. ಮೂರು ಬೇರೆ ಬೇರೆ ಕಡೆ ಸಿಗುವವರೆಗೆ ಆ ಪದವನ್ನು ಬರಹದಲ್ಲಿ ಮುಟ್ಟುವುದಿಲ್ಲ. ಕೆಲಸ ನಿಧಾನ. ಹೋದ ವರ್ಷ ಇಡೀ ಸೇರಿಸಿದ್ದು ಇನ್ನೂರಕ್ಕೂ ಕಡಿಮೆ.

ಎರಡನೆಯ ಅಧ್ಯಾಯ ಈಗ ಒಂದು ಪದದಲ್ಲಿ ಸಿಕ್ಕಿಕೊಂಡಿದೆ. ಅದೇ ಕವಿಯ ಒಂದು ಪಾತ್ರವನ್ನು ಕನ್ನಡದ ಓದುಗರೆಲ್ಲ 'ಮುಗ್ಧ' ಎನ್ನುತ್ತಾರೆ. 'ಇನೊಸೆಂಟ್' ಎಂದರೆ ಅವಳ ಮೇಲೆ ಯಾವುದೋ ಆರೋಪವಿದ್ದಂತೆ ಕೇಳುತ್ತದೆ. 'ನಯೀವ್' ಎಂದರೆ ಲೋಕ ತಿಳಿಯದ ಪೆದ್ದಿಯಾಗುತ್ತಾಳೆ. ಸಂಸ್ಕೃತದ 'ಮುಗ್ಧ'ಕ್ಕೆ ದಿಕ್ಕುತೋಚದ, ಚೆಲುವಾದ ಎಂಬ ಎರಡೂ ಅರ್ಥವಿದೆಯಂತೆ; ಅವೆರಡೂ ಅವಳಿಗೆ ಒಪ್ಪುತ್ತವೆ, ಇಂಗ್ಲಿಷಿಗೆ ಬರುವುದಿಲ್ಲ. ಕರಡಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಸೋಮವಾರ ಮೇಷ್ಟ್ರು ಕೇಳುತ್ತಾರೆ.