ಧಾರಾವಾಹಿಯ ಬೆನ್ನಿಗೆ ಉಳಿದ ಜಾಹೀರಾತು: ಎಂಬತ್ತರ ದಶಕದ ಹಂಬಲವನ್ನು ಗಡಿಯಿಂದ ಓದುವುದು

ನಾನು ಕಾಸರಗೋಡಿನಿಂದ ಮಾತಾಡ್ತಾ ಇದ್ದೇನೆ. ನನ್ನ ವಿಷಯ 1980ರ ದಶಕದ ಕನ್ನಡ ವಾರಪತ್ರಿಕೆಗಳ ಜಾಹೀರಾತು ಮತ್ತು ಅವುಗಳ ಬಗ್ಗೆ ಈಗ ಹಬ್ಬಿರುವ ಹಂಬಲ. ಸಮಯ ಕಡಿಮೆ ಇರುವುದರಿಂದ ವಾದವನ್ನು ಮೊದಲೇ ಹೇಳಿಬಿಡ್ತೇನೆ. ನಾವು ಹಂಬಲಿಸುತ್ತಿರುವುದು ಆ ಸಾಬೂನಿಗೆ, ಆ ವಾಚಿಗೆ, ಆ ಸ್ಕೂಟರಿಗೆ ಅಲ್ಲ. ಯಾರೋ ನಮ್ಮನ್ನು ಕನ್ನಡದಲ್ಲಿ ಕರೆದು ಮಾತಾಡಿಸ್ತಿದ್ದರಲ್ಲ, ಅದಕ್ಕೆ. ಗಡಿಯ ಈಚೆ ಇರುವವರಿಗೆ ಅದು ಸಣ್ಣ ಮಾತಲ್ಲ. ಹಾಗಂತ ಆ ಕರೆಯನ್ನು ಪ್ರಶ್ನೆ ಮಾಡದೆ ಮುದ್ದಾಡುವುದೂ ಸರಿಯಲ್ಲ.

ಈಗ ಚಲಾವಣೆಯಲ್ಲಿರುವ ಹಂಬಲ ಹೇಗಿದೆ ನೋಡಿ. ಎಂಬತ್ತರ ದಶಕ ಅಂದ ಕೂಡಲೇ ಸರ್ಫ್‌ನ ಲಲಿತಾಜಿ, ಓನಿಡಾದ ಕೊಂಬಿನ ದೆವ್ವ, 1989ರ 'ಹಮಾರಾ ಬಜಾಜ್' ಸಾಲಾಗಿ ಬರ್ತವೆ. ಎಲ್ಲ ಹಿಂದಿ, ಇಂಗ್ಲಿಷ್ ರೂಪದಲ್ಲೇ. ಇಡೀ ದೇಶಕ್ಕೆ ಒಂದೇ ಬಾಲ್ಯ ಇತ್ತೇನೋ ಅನ್ನುವ ಹಾಗೆ. ನನ್ನ ವಯಸ್ಸಿನವರು ಆ ದಶಕವನ್ನು ಕಂಡವರೇ ಅಲ್ಲ, ಆದರೂ ಅದೇ ಚಿತ್ರಗಳನ್ನು ನೋಡಿ 'ಅಯ್ಯೋ, ಆ ಕಾಲ!' ಅಂತೇವೆ. ಹೀಗೆ ಎರವಲು ತಂದ ನೆನಪಿನಲ್ಲಿ ಮೊದಲು ಕಳೆದುಹೋಗುವುದು ಭಾಷೆ. ಚಿತ್ರ ಉಳಿಯುತ್ತದೆ, ಅದರ ಕೆಳಗಿದ್ದ ಕನ್ನಡ ಸಾಲು ಉದುರಿಹೋಗುತ್ತದೆ.

ಹೊಸೂರಿನ ಗೆಳೆಯರು ಇಲ್ಲಿರುವುದರಿಂದ ಅವರೂರಿನದೇ ಒಂದು ಉದಾಹರಣೆ ಕೊಡ್ತೇನೆ. ಟೈಟಾನ್ ವಾಚ್ ಅಂದರೆ ಎಲ್ಲರ ಕಿವಿಗೂ ಬರುವುದು ಮೊಜಾರ್ಟ್‌ನ 25ನೇ ಸಿಂಫನಿಯ ತುಣುಕು. ಟಾಟಾ ಮತ್ತು ತಮಿಳುನಾಡಿನ ಟಿಡ್ಕೋ ಸೇರಿ 1984ರಲ್ಲಿ ಕಟ್ಟಿದ ಕಂಪನಿ ಅದು, ಕಾರ್ಖಾನೆ ಹೊಸೂರಿನಲ್ಲಿ. ಕನ್ನಡ, ತೆಲುಗು, ತಮಿಳು ಮೂರೂ ಬೀದಿಯಲ್ಲಿ ಕೇಳುವ ಊರಿನಲ್ಲಿ ತಯಾರಾದ ವಾಚು ಯುರೋಪಿನ ಸಂಗೀತದಲ್ಲಿ ಮನೆಗೆ ಬಂತು. ಜಾಹೀರಾತು ತಾನು ಹುಟ್ಟಿದ ಊರನ್ನು ಮರೆಸುತ್ತದೆ. ಅದು ಅದರ ಕಸುಬು. ಹಂಬಲವೂ ಅದೇ ಕಸುಬು ಮಾಡಿದರೆ ವಿಮರ್ಶೆಗೆ ಕೆಲಸ ಇದೆ ಅಂತರ್ಥ.

ಈಗ ಪತ್ರಿಕೆಗೆ ಬರ್ತೇನೆ. 'ಸುಧಾ' 1965ರಿಂದ ಬರ್ತಿತ್ತು. ಮಣಿಪಾಲದಿಂದ 'ತರಂಗ' ಶುರುವಾದದ್ದು 1983ರಲ್ಲಿ. ಮರುವರ್ಷ, 1984ರಲ್ಲಿ, ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆ ಆಯಿತು. 1956ರಲ್ಲೇ ನಾವು ಆಡಳಿತದ ಲೆಕ್ಕದಲ್ಲಿ ಕೇರಳಕ್ಕೆ ಸೇರಿದ್ದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದ ಮಹಾಜನ ವರದಿ ಕಾಗದದಲ್ಲೇ ಉಳಿಯಿತು. ಸರಕಾರದ ನೋಟೀಸು, ಅರ್ಜಿ ಫಾರಂ ಕನ್ನಡದಲ್ಲಿ ಬೇಕು ಅಂತ ಕೇಳ್ತಾನೇ ಇರಬೇಕಾದ ಊರಿಗೆ ವಾರಪತ್ರಿಕೆ ಮಾತ್ರ ಯಾರೂ ಕೇಳದೆ ಕನ್ನಡದಲ್ಲಿ ಬರ್ತಿತ್ತು. ತಲಪಾಡಿಯ ಗಡಿ ಅದಕ್ಕೆ ಗೊತ್ತೇ ಇರಲಿಲ್ಲ. ಅದರ ಜಾಹೀರಾತಿನ ಕಣ್ಣಿಗೆ ಕಾಸರಗೋಡಿನವರೂ ಕುಂದಾಪುರದವರೂ ಒಂದೇ, ಇಬ್ಬರೂ ಗಿರಾಕಿಗಳು. ಅಲ್ಪಸಂಖ್ಯಾತ ಅನ್ನುವ ಪದ ಅಲ್ಲಿರಲಿಲ್ಲ.

ನನ್ನ ಹಂಬಲದ ಬೇರು ಇರುವುದು ಇಲ್ಲಿ. ಆದರೆ ಇಲ್ಲೇ ನಿಂತುಬಿಟ್ಟರೆ ಅದು ಬರೇ ಭಾವುಕತೆ ಆಗ್ತದೆ. ಆ ಕರೆಯ ಕನ್ನಡ ಯಾವ ಕನ್ನಡ? ಎರಡು ಬಗೆ ಕಾಣ್ತದೆ. ಒಂದು, ದೊಡ್ಡ ಕಂಪನಿಗಳ ಅನುವಾದದ ಕನ್ನಡ: 'ತ್ವಚೆ', 'ಕೇಶರಾಶಿ', 'ಕಾಂತಿಯುತ'. ನಮ್ಮ ಮನೆಯಲ್ಲಿ ಯಾರೂ ತ್ವಚೆ ಅಂದವರಲ್ಲ, ಚರ್ಮ ಅಂತಲೇ. ಇನ್ನೊಂದು, ಕಾಲು ಪುಟದ ಊರ ಜಾಹೀರಾತಿನ ಕನ್ನಡ: 'ರಖಂ ಹಾಗೂ ಚಿಲ್ಲರೆ ವ್ಯಾಪಾರಿಗಳು', 'ಒಮ್ಮೆ ಭೇಟಿ ಕೊಡಿ'. ಇದು ಅಂಗಡಿ ಬಾಗಿಲಲ್ಲಿ ನಿಂತು ಕರೆಯುವ ಮಾತು. ಮೊದಲನೆಯದು ಬಣ್ಣದ ಪುಟದಲ್ಲಿ, ಎರಡನೆಯದು ಕಪ್ಪುಬಿಳುಪಿನಲ್ಲಿ. ಹಂಬಲ ಎತ್ತಿಕೊಳ್ಳುವುದು ಬಣ್ಣದ್ದನ್ನೇ.

ಬಣ್ಣದ ಪುಟ ಹೇಳ್ತಿದ್ದದ್ದಾದರೂ ಏನು? 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕಪ್ಪಗಿರುವ ಹುಡುಗಿಗೆ ದಶಕಗಟ್ಟಲೆ ಒಂದೇ ಪಾಠ ಹೇಳಿತು. ಹೆಸರಿನಿಂದ 'ಫೇರ್' ತೆಗೆದದ್ದು 2020ರಲ್ಲಿ. ಕನ್ನಡದಲ್ಲಿ ಹೇಳಿದ ಮಾತ್ರಕ್ಕೆ ಅವಮಾನ ಮರ್ಯಾದೆ ಆಗುವುದಿಲ್ಲ.

ಇನ್ನೊಂದು ತೊಡಕು. ಕಾಸರಗೋಡಿನಲ್ಲಿ ಮನೆಮಾತು ತುಳು ಇರಬಹುದು, ಹವ್ಯಕ ಇರಬಹುದು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಇರಬಹುದು. ಪತ್ರಿಕೆಯ ಕನ್ನಡ ತುಂಬಾ ಜನಕ್ಕೆ ತಾಯಿ ಕಲಿಸಿದ್ದಲ್ಲ, ಶಾಲೆಯಲ್ಲಿ ಕಲಿತದ್ದು. ಹಾಗಾಗಿ 'ನಮ್ಮ ಭಾಷೆ ನಮ್ಮನ್ನು ಕರೆಯಿತು' ಅನ್ನುವುದಕ್ಕಿಂತ 'ಈ ಭಾಷೆಯಲ್ಲಿ ಕರೆದರೆ ಓಗೊಡ್ತೇವೆ ಅಂತ ನಾವು ತೀರ್ಮಾನ ಮಾಡಿಕೊಂಡಿದ್ದೆವು' ಅನ್ನುವುದು ಸರಿ. ಆ ತೀರ್ಮಾನದ ಚರಿತ್ರೆ ಸಾಬೂನಿನ ಚಿತ್ರದಲ್ಲಿ ಸಿಗುವುದಿಲ್ಲ.

ಎಲ್ಲಿ ಸಿಗ್ತದೆ? ಗ್ರಂಥಾಲಯಗಳು ಹಳೆ ಸಂಚಿಕೆ ಬೈಂಡ್ ಮಾಡುವಾಗ ಹೊದಿಕೆ, ಜಾಹೀರಾತಿನ ಪುಟ ತೆಗೆದುಹಾಕುವುದುಂಟು. ಆದರೆ ನಮ್ಮ ಅಮ್ಮಂದಿರು, ಚಿಕ್ಕಮ್ಮಂದಿರು ಧಾರಾವಾಹಿ ಕಾದಂಬರಿಯ ಪುಟಗಳನ್ನು ವಾರವಾರ ಕಿತ್ತು, ದಾರದಲ್ಲಿ ಹೊಲಿದು ಪುಸ್ತಕ ಮಾಡ್ತಿದ್ದರು. ಅಂಥ ಮೂರು ಕಟ್ಟು ನಮ್ಮ ಮನೆಯ ಅಟ್ಟದಲ್ಲಿವೆ. ಕಥೆಯ ಪುಟದ ಬೆನ್ನಿಗೆ ಅರ್ಧ ತುಂಡಾದ ಜಾಹೀರಾತುಗಳು ಹಾಗೇ ಉಳಿದಿವೆ: ಬೀಡಿ, ಬಟ್ಟೆ ಅಂಗಡಿ, ಬ್ಯಾಂಕಿನ ಠೇವಣಿ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಐದೂ ಹುಟ್ಟಿದ್ದು ಹಳೆಯ ದಕ್ಷಿಣ ಕನ್ನಡದಲ್ಲಿ, ಕಾಸರಗೋಡೂ ಸೇರಿಕೊಂಡಿದ್ದ ಜಿಲ್ಲೆಯಲ್ಲಿ. ವಿಜಯಾ 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಆ ತುಂಡು ಜಾಹೀರಾತು ಈಗ ಒಂದು ಆರ್ಥಿಕ ಪ್ರದೇಶದ ದಾಖಲೆ. ಯಾರೂ ಅದನ್ನು ಸುಂದರ ಅಂತ ಇಟ್ಟುಕೊಂಡದ್ದಲ್ಲ. ಕಥೆ ಬೇಕಿತ್ತು, ಅದು ಜೊತೆಗೆ ಬಂತು. ಆದ್ದರಿಂದಲೇ ಅದು ಹೆಚ್ಚು ನಂಬಬಹುದಾದ ಸಾಕ್ಷಿ.

ಹಂಬಲ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಅದಕ್ಕೆ ಸರಿಯಾದ ವಿಳಾಸ ಬೇಕು, ಅಷ್ಟೆ. ಮಾರುಕಟ್ಟೆ ನಮ್ಮನ್ನು ಕನ್ನಡದಲ್ಲಿ ಕರೆದದ್ದು ಲಾಭ ಇರುವಷ್ಟು ದಿನ; ಗಿರಾಕಿ ಆಗಿ ಸಿಕ್ಕ ಮರ್ಯಾದೆ ಪ್ರಜೆಯಾಗಿ ಸಿಗಬೇಕಾದ ಹಕ್ಕಿಗೆ ಬದಲಿ ಆಗಲಾರದು. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಅವರವರ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ ಅವಕಾಶ ಇದೆ. ಬೇಕಾದ್ದು ಆ ಕರೆ.

ಅಲ್ಲಿವರೆಗೆ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಸೊಲ್ಲಾಪುರ, ಜತ್ತ, ರಾಯದುರ್ಗ, ಮಡಕಶಿರಾ, ನಿಮ್ಮ ಊರು ಯಾವುದೇ ಇರಲಿ, ಅಟ್ಟದ ಮೇಲಿನ ಕಟ್ಟುಗಳನ್ನು ಗುಜರಿಗೆ ಹಾಕುವ ಮೊದಲು ಪುಟ ತಿರುಗಿಸಿ ಬೆನ್ನು ನೋಡಿ. ಸ್ಕ್ಯಾನ್ ಮಾಡುವುದಾದರೆ ಎರಡೂ ಬದಿ ಮಾಡಿ. ಪ್ರಶ್ನೆಗಳಿದ್ದರೆ ಈಗ ತಗೊಳ್ಳೋಣ.