ಹೊಳೆ ದಾಟುವ ಮುನ್ನ: ಹಳೆಯ ಬಂಡಿ ಆಟವನ್ನು ಮಕ್ಕಳೊಡನೆ ಆಡುವವರಿಗೊಂದು ಕೈಪಿಡಿ

ಪರದೆಯ ಮೇಲೆ ಎತ್ತಿನ ಬಂಡಿಯೊಂದು ಹೊಳೆಯ ದಂಡೆಗೆ ಬಂದು ನಿಂತಿದೆ. ಹೊಳೆ ಎಷ್ಟು ಅಗಲ, ಎಷ್ಟು ಆಳ ಎಂಬುದನ್ನು ಎರಡು ಸಾಲು ಹೇಳುತ್ತವೆ. ಬಂಡಿಯನ್ನು ಸೀದಾ ನೀರಿಗೆ ಇಳಿಸಬಹುದು. ಸಂದುಗಳನ್ನು ಮುಚ್ಚಿ ದೋಣಿಯಂತೆ ತೇಲಿಸಬಹುದು. ದುಡ್ಡು ಕೊಟ್ಟು ದೋಣಿಯವನ ಸಹಾಯ ಪಡೆಯಬಹುದು. ಇಲ್ಲವೇ ನೀರು ಇಳಿಯುವವರೆಗೆ ದಂಡೆಯಲ್ಲೇ ಕಾಯಬಹುದು. ಕಲಬುರಗಿಯ ಹತ್ತು ವರ್ಷದ ಮಗುವೊಂದು ಈ ಪರದೆಯ ಮುಂದೆ ಕೂತರೆ ಗುಂಡಿ ಒತ್ತುವ ಮೊದಲು ಕೇಳುವ ಮಾತು ಬಹುತೇಕ ಇದೇ: ‘ಅಪ್ಪಾ, ನಾಕ್ ಅಡಿ ಆಳ ಅದ ಅಂತ. ಎತ್ತು ಮುಳುಗ್ತಾವೇನು?’

ಆ ಪ್ರಶ್ನೆ ಬಂದಿತೆಂದರೆ ಇತಿಹಾಸದ ಪಾಠ ಶುರುವಾಯಿತು.

ಆಟದ ಹೆಸರು ‘ದಿ ಒರೆಗಾನ್ ಟ್ರೇಲ್’. 19ನೇ ಶತಮಾನದ ನಡುವಿನಲ್ಲಿ ಅಮೆರಿಕದ ಮಿಸೌರಿಯ ಕಡೆಯಿಂದ ಪಶ್ಚಿಮದ ಒರೆಗಾನ್‌ವರೆಗೆ ಸುಮಾರು 3,500 ಕಿ.ಮೀ. ದೂರವನ್ನು ಬಂಡಿ ಕಟ್ಟಿಕೊಂಡು ಸಾಗಿದ ವಲಸೆಗಾರರ ಕಥೆ ಅದರಲ್ಲಿದೆ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದವರ ನೆನಪಿನಲ್ಲಿ ‘ಪ್ರಿನ್ಸ್ ಆಫ್ ಪರ್ಶಿಯಾ’, ‘ಏಜ್ ಆಫ್ ಎಂಪೈರ್ಸ್’ ಹೆಚ್ಚಾಗಿವೆ. ಮಕ್ಕಳ ಜತೆ ಕೂತು ಇತಿಹಾಸ ಮಾತಾಡಬೇಕು ಎನ್ನುವವರಿಗೆ ಅವೆರಡಕ್ಕಿಂತ ಈ ಬಂಡಿ ಆಟವೇ ಒಳ್ಳೆಯ ಸಂಗಾತಿ. ಒಂದರಲ್ಲಿ ರಾಜಕುಮಾರ ಜಿಗಿಯುತ್ತಾನೆ, ಇನ್ನೊಂದರಲ್ಲಿ ಸಾಮ್ರಾಜ್ಯ ಬೆಳೆಯುತ್ತದೆ. ಇದರಲ್ಲಿ ಒಂದು ಕುಟುಂಬ ಊರು ಬಿಟ್ಟು ಇನ್ನೊಂದು ಊರು ಸೇರಬೇಕು, ಅಷ್ಟೇ.

ನೆಲದ ಹಾಳೆಯಿಂದ ಹುಟ್ಟಿದ ಆಟ

ಆಟದ ರುಚಿ ಹತ್ತಬೇಕಾದರೆ ಅದು ಹುಟ್ಟಿದ ಬಗೆ ಗೊತ್ತಿರಬೇಕು. 1971ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಡಾನ್ ರಾವಿಚ್ ಎಂಬ ತರಬೇತಿ ಶಿಕ್ಷಕ ಎಂಟನೇ ತರಗತಿಗೆ ಇತಿಹಾಸ ಕಲಿಸುತ್ತಿದ್ದ. ಪಾಠಕ್ಕೆಂದು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆದು ದಾಳ, ಚೀಟಿಗಳ ಆಟ ಕಟ್ಟತೊಡಗಿದ್ದ. ಅವನ ಕೋಣೆಯಲ್ಲೇ ಇದ್ದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಗಣಿತ ಕಲಿಸುವವರು, ಕಂಪ್ಯೂಟರ್ ಬಲ್ಲವರು. ದಾಳದ ಕೆಲಸವನ್ನು ಕಂಪ್ಯೂಟರೇ ಮಾಡಲಿ ಎಂದು ಅವರು ಹೇಳಿದರು. ಸುಮಾರು ಎರಡು ವಾರದಲ್ಲಿ ಬೇಸಿಕ್ ಭಾಷೆಯಲ್ಲಿ ಆಟ ಸಿದ್ಧವಾಗಿ ಡಿಸೆಂಬರ್ 3ರಂದು ಮಕ್ಕಳ ಮುಂದೆ ಬಂತು.

ಆಗ ಪರದೆಯೇ ಇರಲಿಲ್ಲ. ಟೈಪ್‌ರೈಟರಿನಂಥ ಟೆಲಿಟೈಪ್ ಯಂತ್ರ ಕಾಗದದ ಸುರುಳಿಯ ಮೇಲೆ ಕಥೆಯನ್ನು ಸಾಲುಸಾಲಾಗಿ ಅಚ್ಚು ಹೊಡೆಯುತ್ತಿತ್ತು. ಬೇಟೆಯಾಡಲು ‘ಬ್ಯಾಂಗ್’ ಎಂಬ ಪದವನ್ನು ಬೇಗಬೇಗ ಒತ್ತಬೇಕಿತ್ತು. ಒಂದೇ ಯಂತ್ರದ ಸುತ್ತ ನೆರೆದ ಮಕ್ಕಳು ತಾವಾಗಿಯೇ ಕೆಲಸ ಹಂಚಿಕೊಂಡರು: ಬೆರಳು ಚುರುಕಿದ್ದವರಿಗೆ ಬೇಟೆ, ಒಬ್ಬರಿಗೆ ನಕ್ಷೆ, ಇನ್ನೊಬ್ಬರಿಗೆ ಲೆಕ್ಕ. ಮನೆಯಲ್ಲಿ ಆಡುವವರಿಗೂ ಇದಕ್ಕಿಂತ ಒಳ್ಳೆಯ ಕ್ರಮ ಸಿಗದು. ಒಂದೇ ಮಗುವಿದ್ದರೆ ಅಪ್ಪ ನಕ್ಷೆ ಹಿಡಿಯಲಿ, ಅಜ್ಜಿ ಲೆಕ್ಕ ನೋಡಲಿ.

ಆ ವರ್ಷದ ಪಾಠ ಮುಗಿದಾಗ ರಾವಿಚ್ ಆಟವನ್ನು ಯಂತ್ರದಿಂದ ಅಳಿಸಿಬಿಟ್ಟ. ಕೈಯಲ್ಲಿ ಉಳಿದದ್ದು ಅಚ್ಚಾದ ಕಾಗದ ಮಾತ್ರ. 1974ರಲ್ಲಿ ಮಿನ್ನೆಸೋಟ ರಾಜ್ಯದ ಶೈಕ್ಷಣಿಕ ಕಂಪ್ಯೂಟರ್ ಸಂಸ್ಥೆಗೆ ಸೇರಿದಾಗ ಆ ಕಾಗದ ನೋಡಿ ಸಾಲುಸಾಲನ್ನೂ ಮತ್ತೆ ಒತ್ತಿದ. ಜತೆಗೆ ಇನ್ನೊಂದು ದೊಡ್ಡ ಕೆಲಸ ಮಾಡಿದ. ವಲಸೆಗಾರರು ಬರೆದಿಟ್ಟ ದಿನಚರಿಗಳನ್ನು ಓದಿ, ದಾರಿಯಲ್ಲಿ ಯಾವ ಕಷ್ಟ ಎಷ್ಟು ಸಲ ಎದುರಾಗುತ್ತಿತ್ತು ಎಂದು ನೋಡಿ, ಆಟದಲ್ಲೂ ಅದು ಸರಿಸುಮಾರು ಅಷ್ಟೇ ಸಲ ಬರುವಂತೆ ತಿದ್ದಿದ. ಮಳೆ, ರೋಗ, ಮುರಿದ ಗಾಲಿ ಬರುವುದು ದಾಳದ ಹುಚ್ಚಾಟದಿಂದಲ್ಲ, ದಾಖಲೆಯಿಂದ. ಇಂದು ಹೆಚ್ಚಿನವರು ಬಲ್ಲ ರೂಪ ಬಂದದ್ದು 1985ರಲ್ಲಿ, ಫಿಲಿಪ್ ಬುಷಾರ್ಡ್ ಎಂಬ ವಿನ್ಯಾಸಕನ ಮುಂದಾಳತ್ವದಲ್ಲಿ. 1990ರ ಡಾಸ್ ಆವೃತ್ತಿಯನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಬ್ರೌಸರಿನಲ್ಲೇ ಆಡಬಹುದು.

ಅದರ ಮಾತೆಲ್ಲ ಇಂಗ್ಲಿಷಿನಲ್ಲಿದೆ. ಇದನ್ನು ತೊಡಕೆಂದು ತಿಳಿಯಬೇಕಿಲ್ಲ. ದೊಡ್ಡವರು ಓದಿ ಕನ್ನಡದಲ್ಲಿ ಹೇಳುತ್ತ ಹೋದರೆ ಆಟ ಕಥೆ ಹೇಳುವ ಕೂಟವಾಗುತ್ತದೆ, ಮಗುವಿನ ಕಣ್ಣು ಪರದೆಯಿಂದ ಹೇಳುವವರ ಮುಖದ ಕಡೆಗೂ ತಿರುಗುತ್ತದೆ.

ಅಂಗಡಿಯಲ್ಲಿ ಅವಸರ ಬೇಡ

ಆಟದ ಮೊದಲ ರಸ ಅಂಗಡಿಯಲ್ಲಿದೆ. 1848ರಲ್ಲಿ ಹೊರಡುವ ಕುಟುಂಬದ ಯಜಮಾನ ಯಾರೆಂದು ಮೊದಲು ಆರಿಸಬೇಕು. ಬ್ಯಾಂಕಿನವನ ಕೈಯಲ್ಲಿ 1,600 ಡಾಲರ್, ಬಡಗಿಯಲ್ಲಿ 800, ರೈತನಲ್ಲಿ 400. ಹೊಸಬರು ಬ್ಯಾಂಕಿನವನನ್ನೇ ಆರಿಸಿಕೊಳ್ಳುತ್ತಾರೆ. ಎರಡನೆಯ ಸಲವಾದರೂ ರೈತನಾಗಬೇಕು. ರೈತ ಗುರಿ ಮುಟ್ಟಿದರೆ ಅಂಕ ಮೂರು ಪಟ್ಟು. ಅದಕ್ಕಿಂತ ಮುಖ್ಯವಾಗಿ, ಅವನ ಲೆಕ್ಕವೇ ಪಾಠ.

ಒಂದು ಜೋಡಿ ಎತ್ತಿಗೆ 40 ಡಾಲರ್. ಮೂರು ಜೋಡಿಗೆ 120 ಆಯಿತು. ಆಹಾರ ಪೌಂಡಿಗೆ 20 ಸೆಂಟ್, ಸಾವಿರ ಪೌಂಡಿಗೆ 200. ಐವರಿಗೆ ಒಂದೊಂದು ಜೊತೆ ಬಟ್ಟೆ, 50. ಇಲ್ಲಿಗೆ 370 ಖರ್ಚಾಗಿ ಕೈಯಲ್ಲಿ ಉಳಿಯುವುದು 30. ಬಿಡಿಭಾಗ ಒಂದೊಂದಕ್ಕೆ 10 ಡಾಲರ್: ಗಾಲಿ, ಅಚ್ಚು, ಮೂಕಿ. ಮೂರನ್ನೂ ಕೊಂಡರೆ ಗುಂಡು ಕೊಳ್ಳಲು ಕಾಸಿಲ್ಲ, ಮುಂದಿನ ಹೊಳೆಯಲ್ಲಿ ದೋಣಿಯವನಿಗೆ ಕೊಡಬೇಕಾದ 5 ಡಾಲರೂ ಇಲ್ಲ. ಅಚ್ಚು ಬೇಡವೆಂದು ಬಿಟ್ಟರೆ ಬಯಲಿನ ನಡುವೆ ಅದೇ ಮುರಿಯಬಹುದು.

ಇಲ್ಲಿ ಉತ್ತರ ಹೇಳಿಕೊಡಬಾರದು. ಕಾಗದ ಪೆನ್ಸಿಲು ಕೊಟ್ಟು ಸುಮ್ಮನಿರಬೇಕು. ಮುಂದೇನಾಯಿತು ಎಂಬುದು ಪುಸ್ತಕ ಓದುವ ನಮಗೆ ಮೊದಲೇ ಗೊತ್ತು. ಅಂದು ಬದುಕಿದವರಿಗೆ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಯನ್ನು ಮಗುವಿಗೆ ಮೈಯಲ್ಲೇ ಮುಟ್ಟಿಸಬಲ್ಲದು ಎಂಬುದಕ್ಕೇ ಈ ಹಳೆಯ ಆಟಕ್ಕೆ ಇಷ್ಟು ಬೆಲೆ.

ಸಾವು ಬರುತ್ತದೆ, ಪರದೆ ಮುಚ್ಚಬೇಡಿ

ಬಂಡಿಯಲ್ಲಿರುವ ಐವರಿಗೂ ಮಗುವೇ ಹೆಸರಿಡುತ್ತದೆ. ಬಹಳ ಮಕ್ಕಳು ಮನೆಯವರ ಹೆಸರನ್ನೇ ಇಡುತ್ತಾರೆ. ಕೆಲವು ವಾರದ ಪ್ರಯಾಣದ ಮೇಲೆ ಅವರಲ್ಲೊಬ್ಬರಿಗೆ ಕಾಲರಾ ಅಥವಾ ಆಮಶಂಕೆ ಆದ ಸುದ್ದಿ ಪರದೆಗೆ ಬರುತ್ತದೆ. ಮಗು ಕಂಗಾಲಾಗುವುದು ಸಹಜ. ಆಗ ಆಟ ನಿಲ್ಲಿಸಿ ಮಾತಾಡಬೇಕು. ಆ ದಾರಿಯಲ್ಲಿ ಹೆಚ್ಚು ಜನರನ್ನು ಕೊಂದದ್ದು ಕಾದಾಟವಲ್ಲ, ರೋಗ ಮತ್ತು ಅಪಘಾತ. ಕಾಲರಾ ಹರಡಿದ್ದು ಕೆಟ್ಟ ನೀರಿನಿಂದ. ನಮ್ಮ ಮುತ್ತಜ್ಜಂದಿರ ಕಾಲದ ಕಾಲರಾ, ಪ್ಲೇಗಿನ ಮಾತು ಮನೆಯ ಹಿರಿಯರ ಬಾಯಲ್ಲಿದ್ದರೆ ಅದನ್ನು ಕೇಳಿಸುವ ಹೊತ್ತು ಇದೇ.

ಇನ್ನೊಂದು ವಿಷಯವನ್ನು ದೊಡ್ಡವರೇ ಎತ್ತಬೇಕು, ಹಳೆಯ ಆಟ ತಾನಾಗಿ ಹೇಳುವುದಿಲ್ಲ. ಬಂಡಿಗಳು ಸಾಗಿದ ನೆಲ ಖಾಲಿ ಇರಲಿಲ್ಲ. ಅಲ್ಲಿ ತಲೆತಲಾಂತರದಿಂದ ಮೂಲನಿವಾಸಿ ಜನಾಂಗಗಳು ಬಾಳುತ್ತಿದ್ದವು. ಹಳೆಯ ಆವೃತ್ತಿಯಲ್ಲಿ ಅವರು ದಾರಿಬದಿಯಲ್ಲಿ ಹಾದುಹೋಗುವ ಮುಖಗಳಷ್ಟೇ. 2021ರಲ್ಲಿ ಗೇಮ್‌ಲಾಫ್ಟ್ ಹೊರತಂದ ಹೊಸ ಆವೃತ್ತಿಗೆ ಮೂಲನಿವಾಸಿ ಇತಿಹಾಸಕಾರರ ಸಲಹೆ ಪಡೆಯಲಾಯಿತು, ಆ ಜನಾಂಗಗಳ ಕಡೆಯಿಂದಲೇ ಆಡುವ ಕಥೆಗಳೂ ಬಂದವು. ‘ಈ ಕಥೆಯಲ್ಲಿ ಯಾರು ಕಾಣುತ್ತಿಲ್ಲ?’ ಎಂದು ಕೇಳುವುದನ್ನು ಮಗು ಇಲ್ಲಿ ಕಲಿತರೆ ಮುಂದೆ ಯಾವ ಪಠ್ಯಪುಸ್ತಕದಲ್ಲೂ ಕೇಳೀತು.

ಕಲಬುರಗಿಯಿಂದ ಬೀದರಿಗೆ ಬಂಡಿ ಕಟ್ಟೋಣ

ಒರೆಗಾನ್ ದೂರದ ಮಾತು. ಆಟವನ್ನು ನಮ್ಮ ನೆಲಕ್ಕೆ ತರಲು ಕಲಬುರಗಿಯಲ್ಲಿ ಸೊಗಸಾದ ಸಂಗತಿಯೊಂದಿದೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನಿ ರಾಜ್ಯ ಸ್ಥಾಪಿಸಿದ ಮೇಲೆ ಕಲಬುರಗಿ ರಾಜಧಾನಿಯಾಯಿತು. ಕೋಟೆಯೊಳಗೆ ತೆರೆದ ಅಂಗಳವೇ ಇಲ್ಲದ, ಇಡೀ ಗುಮ್ಮಟಗಳ ಸೂರಿನಡಿಯ ಜಾಮಿ ಮಸೀದಿ 1367ರದು. ಮುಂದೆ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ಕೆಲವು ಪುಸ್ತಕ ಇದಕ್ಕೆ 1424 ಎನ್ನುತ್ತವೆ, ಕೆಲವು ಇನ್ನೂ ಕೆಲವು ವರ್ಷ ಮುಂದಕ್ಕೆ ಹಾಕುತ್ತವೆ. ಒಂದೇ ಘಟನೆಗೆ ಬೇರೆ ಬೇರೆ ಇಸವಿ ಏಕೆ ಎಂದು ಮಗು ಕೇಳಿದರೆ ಆ ದಿನದ ಓದು ಸಾರ್ಥಕ. ಊರೊಂದು ಬೆಳಗಾಗುವುದರೊಳಗೆ ಎದ್ದು ಹೋಗುವುದಿಲ್ಲವಲ್ಲ.

ಸ್ಥಳಾಂತರದ ಗುರುತು ಕಣ್ಣಿಗೇ ಕಾಣುತ್ತದೆ. ಅಹಮದ್ ಶಾಹನ ಅಣ್ಣ ಫಿರೋಜ್ ಶಾಹನ ಗೋರಿ ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿದೆ. ಅಹಮದ್ ಶಾಹನದು ಬೀದರಿನ ಪಕ್ಕದ ಅಷ್ಟೂರಿನಲ್ಲಿದೆ. ಅಣ್ಣ ಇಲ್ಲಿ, ತಮ್ಮ ಅಲ್ಲಿ: ನಡುವೆ ಒಂದು ರಾಜಧಾನಿ ಎದ್ದು ಹೋಗಿದೆ.

ಒಂದು ದೊಡ್ಡ ಹಾಳೆ ನೆಲಕ್ಕೆ ಹಾಸಿ, ರಾವಿಚ್ ಮಾಡಿದಂತೆಯೇ. ಕಲಬುರಗಿ ಕೋಟೆ, ಕಮಲಾಪುರ, ಹುಮನಾಬಾದ, ಬೀದರ ಎಂದು ಗುರುತು ಹಾಕಿ. ಆಗಿನವರು ಇದೇ ದಾರಿ ಹಿಡಿದರೆಂದಲ್ಲ, ಆಟಕ್ಕೆ ಇಂದಿನ ದಾರಿಯೇ ನಕ್ಷೆಯಾಗಲಿ. 2017ರಲ್ಲಿ ಶುರುವಾದ ಕಲಬುರಗಿ–ಬೀದರ ರೈಲು ಮಾರ್ಗ ಸುಮಾರು 110 ಕಿ.ಮೀ., ಅದೂ ಕಮಲಾಪುರದ ಮೇಲೆಯೇ ಹೋಗುತ್ತದೆ. ಹೇರು ತುಂಬಿದ ಚಕ್ಕಡಿ ದಿನಕ್ಕೆ 18 ಕಿ.ಮೀ. ನಡೆಯುತ್ತದೆಂದು ಹಿಡಿದರೆ ಆರು ದಿನಕ್ಕೂ ಮೇಲಿನ ಪಯಣ, ಎರಡನೆಯ ರಾತ್ರಿಯ ಬಿಡಾರ ಕಮಲಾಪುರ.

ಈಗ ಚೀಟಿ ಬರೆಯಬೇಕು. ಮಳೆ ಬಿದ್ದು ಎರೆಮಣ್ಣಿನಲ್ಲಿ ಗಾಲಿ ಹೂತಿತು, ಒಂದು ದಿನ ಹೋಯಿತು. ಕಡೆಗೀಲು ಕಳಚಿತು. ಎತ್ತಿನ ಗೊರಸು ಸವೆಯಿತು. ಬಾವಿಯಲ್ಲಿ ನೀರಿಲ್ಲ. ಪ್ರತಿ ಚೀಟಿಗೂ ಆಧಾರ ಕೇಳಿ, ಅದೇ ಆಟದ ನಿಯಮ. ರಾವಿಚ್‌ಗೆ ದಿನಚರಿಗಳಿದ್ದವು, ನಮಗೆ ಹಳ್ಳಿಯ ಹಿರಿಯರಿದ್ದಾರೆ. ಚಕ್ಕಡಿ ಹೂಡಿದ ಅಜ್ಜನನ್ನು ಮಾತಾಡಿಸಿದರೆ ಎತ್ತು ಎಷ್ಟು ಹೊತ್ತಿಗೊಮ್ಮೆ ನಿಲ್ಲಬೇಕು, ಎರೆಯ ನೆಲ ಎಷ್ಟು ಮಳೆಗೆ ಕೆಸರಾಗುತ್ತದೆ ಎಂದೆಲ್ಲ ತಿಳಿಯುತ್ತದೆ. ಬರಗಾಲದ ಚೀಟಿಗೆ ಪುಸ್ತಕದ ಆಧಾರವೇ ಇದೆ. ಎರಡನೆಯ ಮುಹಮ್ಮದ್ ಶಾಹ (1378–1397) ಬರ ಬಿದ್ದಾಗ ಮಾಳವ, ಗುಜರಾತಿನಿಂದ ಎತ್ತುಗಳ ಮೇಲೆ ಧಾನ್ಯ ತರಿಸಿದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅವನು ಬರೆದದ್ದು ಸುಮಾರು ಎರಡು ಶತಮಾನ ಕಳೆದ ಮೇಲೆ, ಬಿಜಾಪುರದಲ್ಲಿ ಕೂತು. ಅದನ್ನೂ ಚೀಟಿಯ ಹಿಂದೆ ಬರೆದಿಡಲಿ.

ಬುತ್ತಿ ಕಟ್ಟುವಾಗ ಇನ್ನೂ ಹೆಚ್ಚಿನ ಮಜಾ ಇದೆ. ವಾರಗಟ್ಟಲೆ ಕೆಡದ ಕಡಕ್ ರೊಟ್ಟಿ ಬಂಡಿಗೆ ಬೇಕೇ ಬೇಕು ಎಂದು ಮಗು ಹೇಳುತ್ತದೆ. ಜೋಳ ಆಗಲೂ ಇತ್ತು, ತೊಗರಿಯೂ ಇತ್ತು. ರೊಟ್ಟಿಗೆ ಶೇಂಗಾ ಹಿಂಡಿ ಹಾಕುತ್ತೇನೆ ಎಂದರೆ ಅಲ್ಲಿ ತಡೆಯಬೇಕು. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. ಕೊಲಂಬಸ್ 1492ರಲ್ಲಿ ಅಲ್ಲಿಗೆ ಮುಟ್ಟಿದ ಮೇಲಷ್ಟೇ ಅವು ನಮ್ಮ ಕಡೆಗೆ ಬಂದವು. ಅಹಮದ್ ಶಾಹನ ಕಾಲದ ಅಡುಗೆಗೆ ಖಾರ ಕೊಟ್ಟದ್ದು ಕಾಳುಮೆಣಸು. ಶೇಂಗಾ ಹಿಂಡಿ, ಕೆಂಪು ಖಾರ ಇಲ್ಲದ ಊಟದ ತಾಟನ್ನು ಕಲಬುರಗಿಯ ಮಗು ಊಹಿಸಿಕೊಳ್ಳುವ ಆ ಗಳಿಗೆಯಲ್ಲಿ ಆರು ನೂರು ವರ್ಷದ ದೂರ ನಾಲಿಗೆಗೇ ತಿಳಿಯುತ್ತದೆ.

ಆಟಗಾರರು ಸುಲ್ತಾನರೇ ಆಗಬೇಕಿಲ್ಲ. ಒಬ್ಬರು ಕಲ್ಲುಕುಟಿಗ, ಒಬ್ಬರು ನೇಕಾರ, ಒಬ್ಬರು ನೀರು ಹೊರುವವಳಾಗಲಿ. ಒಬ್ಬರು ಊರು ಬಿಡದೆ ಉಳಿದವರೂ ಆಗಲಿ. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ಇಲ್ಲಿಯೇ ಉಳಿಯಿತು, ಜನ ಅಲ್ಲಿಗೆ ಬರುವುದು ನಿಲ್ಲಲಿಲ್ಲ. ಅರಮನೆ ಹೋದ ಊರಿನಲ್ಲಿ ಬದುಕು ಹೇಗೆ ನಡೆಯಿತು ಎಂಬುದನ್ನು ಆ ಆಟಗಾರ ಹೇಳಬೇಕು.

ಹಾಳೆಯ ಆಟ ಒಂದೆರಡು ಸಲ ಮುಗಿದ ಮೇಲೆ ಒಂದು ಭಾನುವಾರ ಕಮಲಾಪುರಕ್ಕೆ ಹೋಗಿ ಬರಬಹುದು. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆ ಆ ಊರಿನದು. ಕೈಯಲ್ಲಿ ನಕ್ಷೆ ಹಿಡಿದ ಮಗು, ಎರಡನೆಯ ರಾತ್ರಿಯ ಬಿಡಾರ ಎಂದು ತಾನೇ ಗುರುತು ಹಾಕಿದ ಜಾಗದಲ್ಲಿ ನಿಂತು, ಗೊನೆ ಇಟ್ಟುಕೊಂಡು ಕೂತವರನ್ನು ಕೇಳಲಿ: ‘ಅಜ್ಜಾ, ಈ ಬಾಳಿ ಇಲ್ಲಿ ಯಾವಾಗಿಂದ ಬೆಳೀತಾರ್ರಿ?’ ಸಿಕ್ಕ ಉತ್ತರವನ್ನು, ಹೇಳಿದವರು ಯಾರು, ಅವರಿಗೆ ಯಾರು ಹೇಳಿದ್ದು ಎಂಬುದರ ಸಮೇತ ಹೊಸ ಚೀಟಿಯಲ್ಲಿ ಬರೆದುಕೊಳ್ಳಲಿ. ರಾತ್ರಿ ಮನೆಗೆ ಬಂದ ಮೇಲೆ ಆ ಹಣ್ಣನ್ನು ಬಂಡಿಗೆ ಏರಿಸುವುದೋ ಬಿಡುವುದೋ ಎಂಬ ವಾದ ಶುರುವಾಗುತ್ತದೆ, ಹಾಳೆ ಮತ್ತೆ ನೆಲಕ್ಕೆ ಬರುತ್ತದೆ.